ಶಾಸನದ ಶಾಂತಲೆಯೂ ಕಾದಂಬರಿಯ ಶಾಂತಲೆಯೂ

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಯು ನೆಲೆಗೊಂಡ ಕಾಲದಿಂದಲೂ ಅದರ ವಾಚಕರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡದವರು ಕಥೆಯ ರಸಕ್ಕೆ ಮನಸೋತು, ಅದರಲ್ಲಿ ಬರುವ ಅರಸರೂ ಅರಸಿಯರೂ ಹಾಗೆಯೇ ನುಡಿದು ಹಾಗೆಯೇ ನಡೆದರೆಂದು ನಂಬುವರು. ಇನ್ನೊಂದು ಪಂಗಡದವರು ಶಾಸನದ ಪಾಠವನ್ನು ಮುಂದಿಟ್ಟುಕೊಂಡು, ಅದರಲ್ಲಿಲ್ಲದ ಪ್ರತಿಯೊಂದು ಮಾತನ್ನೂ ಗ್ರಂಥಕರ್ತನ ಅಪರಾಧವೆಂದು ಎಣಿಸುವರು. ಈ ಎರಡು ಮತಗಳ ತಾರತಮ್ಯವನ್ನು ಬರಿಯ ತತ್ತ್ವವಿಚಾರದಿಂದ ನಿರ್ಣಯಿಸುವುದು ಸುಲಭವಲ್ಲ. ಒಂದು ನಿದರ್ಶನವನ್ನು ಹಿಡಿದು, ಕಲ್ಲು ಹೇಳುವುದೇನು, ಕಥೆ ಹೇಳುವುದೇನು, ಜನರು ನೆನೆಯುವುದೇನು ಎಂಬ ಮೂರನ್ನೂ ಬಳಿಬಳಿಯಲ್ಲಿಟ್ಟು ನೋಡುವುದು ಮೇಲು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿಯಾದ ಶಾಂತಲೆಯ ಚರಿತ್ರೆಯು ಇಂತಹ ವಿಚಾರಕ್ಕೆ ತಕ್ಕುದಾಗಿದೆ.

ಕನ್ನಡಕ್ಕೆ ಈ ಸಾಹಿತ್ಯಪ್ರಕಾರವು ಮೊದಲು ಬಂದುದು ಭಾಷಾಂತರದ ದಾರಿಯಿಂದ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ಕನ್ನಡಿಸಿದರು. ಬಳಿಕ ಗಳಗನಾಥರು ‘ಮಾಧವ ಕರುಣಾವಿಲಾಸ’ವೇ ಮೊದಲಾದ ಗ್ರಂಥಗಳಿಂದ ಉತ್ತರ ಕರ್ನಾಟಕದ ಮನೆಮನೆಯಲ್ಲಿಯೂ ಓದುವ ಅಭ್ಯಾಸವನ್ನು ಹಬ್ಬಿಸಿದರು. ಮುಂದೆ ಮಾಸ್ತಿಯವರು ಬಿದನೂರಿನ ಕೊನೆಯ ದಿನಗಳನ್ನು ‘ಚೆನ್ನಬಸವನಾಯಕ’ದಲ್ಲಿಯೂ ಕೊಡಗಿನ ಅರಸುಮನೆತನದ ಅಳಿವನ್ನು ‘ಚಿಕವೀರರಾಜೇಂದ್ರ’ದಲ್ಲಿಯೂ ಚಿತ್ರಿಸಿದರು. ತ. ರಾ. ಸುಬ್ಬರಾಯರು ಚಿತ್ರದುರ್ಗದ ನಾಯಕರ ಕಥೆಯನ್ನು ಹಲವು ಕಾದಂಬರಿಗಳಲ್ಲಿ ಹೇಳಿ, 1982ರಲ್ಲಿ ಪ್ರಕಟವಾದ ‘ದುರ್ಗಾಸ್ತಮಾನ’ದಲ್ಲಿ ಅದನ್ನು ಮುಗಿಸಿದರು. ಇವುಗಳ ವಸ್ತುವಿನ ಬಹುಭಾಗವು ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಿಗೆ ಸೇರಿದುದು. ಆ ಕಾಲಕ್ಕೆ ಬಖೈರುಗಳುಂಟು, ಕಾಗದಪತ್ರಗಳುಂಟು, ಮನೆತನದ ನೆನಪುಗಳೂ ಉಂಟು. ಹನ್ನೆರಡನೆಯ ಶತಮಾನಕ್ಕೆ ಹೋದ ಗ್ರಂಥಕರ್ತನಿಗಾದರೋ ಕಲ್ಲಿನ ಮೇಲಣ ಬರಹವೇ ಮುಖ್ಯವಾದ ಆಸರೆ. ಅಲ್ಲಿ ಕಲ್ಪನೆಗೆ ಎಡೆಯು ಹೆಚ್ಚು. ಎಡವುವ ಭಯವೂ ಅಷ್ಟೇ ಹೆಚ್ಚು.

ಶಾಂತಲೆಯ ವಿಷಯದಲ್ಲಿ ಶಾಸನಗಳು ಮೌನವಾಗಿಲ್ಲ. ಆಕೆಯ ತಂದೆ ಪೆರ್ಗಡೆ ಮಾರಸಿಂಗಯ್ಯನು ಶೈವನು. ತಾಯಿ ಮಾಚಿಕಬ್ಬೆಯು ಜಿನಭಕ್ತೆ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದನು. ಅದೇ ಪ್ರಾಕಾರದಲ್ಲಿ ಇಂದು ಕಪ್ಪೆ ಚೆನ್ನಿಗರಾಯನೆಂದು ಹೆಸರಾದ ದೇವರ ಪ್ರತಿಷ್ಠೆಯು ಶಾಂತಲೆಯದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆಕೆಯು 1123ರಲ್ಲಿ ಶಾಂತಿನಾಥನ ಬಸದಿಯನ್ನು ಕಟ್ಟಿಸಿ, ಅದರ ಪೂಜೆಗೂ ಮುನಿಗಳ ಆಹಾರದಾನಕ್ಕೂ ತನ್ನ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ದತ್ತಿಯನ್ನು ಬಿಟ್ಟಳು. ಶೈವನ ಮಗಳು, ವೈಷ್ಣವನೆಂದು ಪ್ರಸಿದ್ಧನಾದ ಅರಸನ ಮಡದಿ, ಸ್ವತಃ ಜೈನ ಶ್ರಾವಿಕೆ: ಇಂತಹ ಬಾಳಿನಲ್ಲಿ ಕಾದಂಬರಿಗೆ ಬೇಕಾದ ವಸ್ತುವು ತಾನಾಗಿಯೇ ತುಂಬಿದೆ. ಬಿರುದುಗಳಂತೂ ಆಕೆಯ ಚಿತ್ರವನ್ನೇ ಬರೆದಂತಿವೆ. ವಿವೇಕದಲ್ಲಿ ಬೃಹಸ್ಪತಿ, ಸಮಯೋಚಿತವಾದ ನುಡಿಯಲ್ಲಿ ವಾಚಸ್ಪತಿ, ಸಮ್ಯಕ್ತ್ವಚೂಡಾಮಣಿ ಎಂದು ಆಕೆಯನ್ನು ಹೊಗಳಿದೆ. ಬಸದಿಗೆ ಹೆಸರನ್ನು ಕೊಟ್ಟ ‘ಸವತಿಗಂಧವಾರಣೆ’ ಎಂಬ ಬಿರುದೋ, ಸವತಿಯರ ಪಾಲಿಗೆ ಮದದಾನೆಯಂತಿದ್ದವಳೆಂದು ಸಾರುತ್ತದೆ.

ಆಕೆಯ ಮರಣವನ್ನು ತಿಳಿಸುವ ಶಾಸನವೂ ಶ್ರವಣಬೆಳಗೊಳದಲ್ಲಿಯೇ ಇದೆ. ಶಕವರ್ಷ 1053, ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರ, ಎಂದರೆ ಕ್ರಿ. ಶ. 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ಆಕೆಯು ಮುಡಿಪಿ ಸ್ವರ್ಗಸ್ಥಳಾದಳೆಂದು ಅದು ಹೇಳುತ್ತದೆ. ಹೇಗೆ, ಯಾವ ಕಾರಣದಿಂದ ಎಂಬುದನ್ನು ಹೇಳುವುದಿಲ್ಲ. ಆದರೆ ಅದೇ ಶಾಸನವು ಮಾಚಿಕಬ್ಬೆಯ ಮರಣವನ್ನು ವಿಸ್ತಾರವಾಗಿ ವರ್ಣಿಸುತ್ತದೆ: ಮಗಳ ಅಗಲಿಕೆಯನ್ನು ಸೈರಿಸಲಾರದೆ ಆ ತಾಯಿಯು ಬೆಳಗೊಳಕ್ಕೆ ಬಂದು, ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳ ಉಪವಾಸದಿಂದ ದೇಹವನ್ನು ಬಿಟ್ಟಳು. ತಾಯಿಯ ವ್ರತದ ಕಾಲಪರಿಮಾಣವನ್ನು ಕೂಡ ಬರೆದಿಟ್ಟ ಶಾಸನಕಾರನು ಮಗಳ ವಿಷಯದಲ್ಲಿ ಒಂದೇ ಮಾತಿನಿಂದ ಮುಗಿಸಿರುವುದು ಗಮನಾರ್ಹವಾಗಿದೆ. ಈ ಮೌನದಿಂದ ವ್ರತಮರಣವನ್ನು ಸಾಧಿಸುವುದು ಕಷ್ಟ. ಆತ್ಮಹತ್ಯೆಯನ್ನು ಸಾಧಿಸುವುದು ಅದಕ್ಕಿಂತಲೂ ಕಷ್ಟ. ಜೈನಮತದಲ್ಲಿ ವಿಧಿಪೂರ್ವಕವಾದ ಸಲ್ಲೇಖನವು ಪೂಜ್ಯವಾದುದು. ರಾಗದ್ವೇಷಗಳಿಗೆ ಒಳಗಾಗಿ ಪ್ರಾಣವನ್ನು ಕಳೆದುಕೊಳ್ಳುವುದು ಪಾಪ. ಸಮ್ಯಕ್ತ್ವಚೂಡಾಮಣಿಯೆಂದು ಒಬ್ಬಳನ್ನು ಕೊಂಡಾಡುವ ಬರಹವು ಅಂತಹ ಮರಣವನ್ನು ಅರಿತೂ ಹೊಗಳಿತೆಂದು ಊಹಿಸಲು ಬಲವಾದ ಆಧಾರವು ಬೇಕು. ಅದು ದೊರೆತಿಲ್ಲ.

ಈ ಮೌನದ ಎಡೆಯಲ್ಲಿಯೇ ಕೆ. ವಿ. ಅಯ್ಯರವರ ‘ಶಾಂತಲಾ’ ಕಾದಂಬರಿಯು ತನ್ನ ಕೊನೆಯನ್ನು ಕಟ್ಟಿಕೊಂಡಿತು. ಅಲ್ಲಿ ಶಾಂತಲೆಯು ಲಕ್ಷ್ಮೀದೇವಿಯ ಮೇಲಣ ಸ್ನೇಹಕ್ಕಾಗಿ ತನ್ನನ್ನು ಸವೆಸಿಕೊಂಡು, ಶಿವಗಂಗೆಯಲ್ಲಿ ಪ್ರಾಣತ್ಯಾಗವನ್ನು ಮಾಡುವಳು. ಕಥೆಯ ಹೆಣಿಗೆಗೆ ಚರಿತ್ರೆಯ ಒಂದೆಳೆಯು ಇಲ್ಲದಿಲ್ಲ: ವಿಷ್ಣುವರ್ಧನನ ಬಳಿಕ ಪಟ್ಟವೇರಿದ ನರಸಿಂಹನು ಲಕ್ಷ್ಮೀದೇವಿಯ ಮಗನು. ಗ್ರಂಥದ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹೊಯ್ಸಳ ಶಿಲ್ಪವನ್ನು ಕಣ್ಣಾರೆ ಕಾಣದವರಿಗೂ ಆ ಕಾಲದ ಸೊಬಗನ್ನು ಅದು ಕಾಣಿಸಿತು. ಅದನ್ನು ಓದಿ ಬೇಲೂರಿಗೆ ಹೋದವರುಂಟು. ಹೋದ ಬಳಿಕ ಶಾಸನವನ್ನು ಓದುವ ಆಸೆಯನ್ನು ತಳೆದವರೂ ಉಂಟು. ಆದರೆ ಶಾಸನದ ಮದದಾನೆಯು ಅಲ್ಲಿ ಬಲಿಯ ಹರಿಣಿಯಾಗಿ ಮಾರ್ಪಟ್ಟಿರುವುದನ್ನು ವಿಚಾರವಂತನಾದ ವಾಚಕನು ಗಮನಿಸದಿರಲಾರನು. ನುಡಿಗೂ ವಿವೇಕಕ್ಕೂ ಹೆಸರಾದ ಒಬ್ಬ ಅರಸಿಯ ಬಾಳಿನ ಫಲವೆಲ್ಲವೂ ಸವತಿಯ ಸಂತಾನಕ್ಕಾಗಿ ಸತ್ತುದೊಂದೇ ಎಂಬಂತಾದರೆ, ಕಳೆದುಹೋಗುವುದು ಒಂದು ತೇದಿಯಲ್ಲ, ಒಂದು ವ್ಯಕ್ತಿತ್ವವೇ.

ಇದರ ಪರಿಣಾಮವು ಪುಸ್ತಕದೊಳಗೆ ನಿಂತಿಲ್ಲ. ನೆಲಮಂಗಲದ ಬಳಿಯ ಶಿವಗಂಗೆಯ ಬೆಟ್ಟದಲ್ಲಿ ಒಂದು ಕಡಿದಾದ ಕೋಡುಗಲ್ಲನ್ನು ತೋರಿಸಿ, ಶಾಂತಲೆಯು ಬಿದ್ದುದು ಇಲ್ಲಿಂದಲೇ ಎಂದು ಯಾತ್ರಿಕರಿಗೆ ಹೇಳುವುದು ವಾಡಿಕೆಯಾಗಿದೆ. ಆ ಎಡೆಗೆ ‘ಶಾಂತಲಾ ಡ್ರಾಪ್’ ಎಂಬ ಹೆಸರೂ ನಿಂತಿದೆ. ಕಥೆಗೆ ಒಂದು ಬಂಡೆಯು ದೊರೆತರೆ ಅದನ್ನು ಅಲುಗಿಸುವುದು ಬಲು ಕಷ್ಟ. ಚಿಕ್ಕಬೆಟ್ಟದ ಹಳಗನ್ನಡವನ್ನು ಓದಬಲ್ಲವರು ಕೆಲವರು. ಬಂಡೆಯ ತುದಿಯಲ್ಲಿ ನಿಂತು ಕೆಳಗೆ ನೋಡಬಲ್ಲವರು ಎಲ್ಲರೂ.

ಶಾಸನಗಳನ್ನು ಪರಿಶೀಲಿಸಿ ಈ ವಸ್ತುವನ್ನೇ ಮತ್ತೆ ಕೈಗೆತ್ತಿಕೊಂಡವರು ಸಿ. ಕೆ. ನಾಗರಾಜರಾಯರು. ಅವರ ‘ಪಟ್ಟಮಹಾದೇವಿ ಶಾಂತಲಾದೇವಿ’ಯು ನಾಲ್ಕು ಸಂಪುಟಗಳ ಬೃಹತ್ ಕೃತಿ, 1983ರ ಮೂರ್ತಿದೇವಿ ಪುರಸ್ಕಾರವು ಅದಕ್ಕೆ ದೊರೆಯಿತು. ಆತ್ಮಹತ್ಯೆಯ ಕಥೆಯನ್ನು ಅವರು ಒಪ್ಪಲಿಲ್ಲ. ಆದರೂ ಅದೇ ಕೃತಿಯಲ್ಲಿ ಜಕಣನ ಐತಿಹ್ಯಕ್ಕೆ ಎಡೆಯು ದೊರೆತಿದೆ. ತಂದೆಯು ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಮಗನು ಹೇಳಿ, ಕಲ್ಲಿನೊಳಗಣ ಕಪ್ಪೆಯನ್ನೂ ನೀರನ್ನೂ ತೋರಿಸಿದನೆಂಬ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಬೇಲೂರಿನ ಶಿಲ್ಪಗಳ ಅಡಿಯಲ್ಲಿ ರೂವಾರಿಗಳು ತಮ್ಮ ಹೆಸರುಗಳನ್ನು ತಾವೇ ಕೆತ್ತಿಕೊಂಡಿದ್ದಾರೆ. ಅವುಗಳಲ್ಲಿ ಜಕಣನ ಹೆಸರಿಲ್ಲ. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಅಲ್ಲಿದ್ದಾರೆ. ಐತಿಹ್ಯವು ಬಯಸಿದ ತಂದೆಮಕ್ಕಳು ಕಲ್ಲಿನ ಮೇಲೆಯೇ ಇದ್ದರೂ ನಾಡು ಅವರನ್ನು ಮರೆತು, ಕಥೆಯ ತಂದೆಮಕ್ಕಳನ್ನು ನೆನೆಯುತ್ತಿದೆ.

ಹಾಗಾದರೆ ಕಪ್ಪೆಯ ಕಥೆಯೂ ಬಂಡೆಯ ಕಥೆಯೂ ಒಂದೇ ತೂಕದವೇ? ಅಲ್ಲ. ಕಪ್ಪೆಯ ಕಥೆಯು ಅದ್ಭುತ. ಅದು ತನ್ನ ವೇಷವನ್ನು ಮುಚ್ಚಿಡುವುದಿಲ್ಲ. ಕೇಳುವವನು ಅದನ್ನು ಕಥೆಯೆಂದು ಅರಿತೇ ಕೇಳುತ್ತಾನೆ. ಚಾವಣನ ಹೆಸರನ್ನು ತೋರಿಸಿದರೆ ಸಂತೋಷದಿಂದ ಅದನ್ನೂ ಸೇರಿಸಿಕೊಳ್ಳುತ್ತಾನೆ. ಶಿವಗಂಗೆಯ ಕಥೆಯಲ್ಲಿ ಅದ್ಭುತವೇನೂ ಇಲ್ಲ. ಅರಸಿಯು ನಿಜ, ಊರು ನಿಜ, ವರ್ಷವು ನಿಜ, ಸವತಿಯೂ ನಿಜ. ಕಲ್ಪಿತವಾದುದು ಅವೆಲ್ಲವನ್ನೂ ಕೂಡಿಸುವ ಒಂದು ಕಾರಣ ಮಾತ್ರ. ನಂಬತಕ್ಕ ಕಲ್ಪನೆಯು ನಂಬಲಾಗದ ಕಲ್ಪನೆಗಿಂತ ಹೆಚ್ಚಾಗಿ ಚರಿತ್ರೆಯನ್ನು ಮರೆಮಾಡುವುದು ಹೀಗೆಯೇ. ಆದುದರಿಂದ ಅದ್ಭುತ ಕಥೆಗಳನ್ನು ಹಳಿಯುವ ವಿದ್ವಾಂಸರು ತಮ್ಮ ಎಚ್ಚರವನ್ನು ಸಂಭಾವ್ಯವಾದ ಕಥೆಗಳ ಕಡೆಗೆ ತಿರುಗಿಸುವುದು ಉಚಿತ.

ಇದರಿಂದ ಐತಿಹಾಸಿಕ ಕಾದಂಬರಿಗೆ ಸ್ವಾತಂತ್ರ್ಯವು ಸಲ್ಲದೆಂದು ತಿಳಿಯಬಾರದು. ಶಾಸನವು ಸುಮ್ಮನಿರುವಲ್ಲಿ ಮಾತನಾಡುವುದೇ ಕಾದಂಬರಿಯ ಕೆಲಸ. ಆದರೆ ಶಾಸನವು ಮಾತನಾಡಿರುವಲ್ಲಿ ಅದಕ್ಕೆ ಕಿವಿಗೊಡುವುದು ಋಣ. ಶಾಂತಲೆಯ ಮರಣದ ಬಗೆಯನ್ನು ಊಹಿಸಲು ಗ್ರಂಥಕರ್ತನಿಗೆ ಅಧಿಕಾರವುಂಟು. ಬಿರುದುಗಳಲ್ಲಿ ಕಾಣುವ ಆಕೆಯ ಸ್ವಭಾವವನ್ನು ಮರೆತು ಊಹಿಸಿದರೆ ಆ ಋಣವು ಉಳಿಯುತ್ತದೆ. ಕಾದಂಬರಿಯನ್ನು ಪಾಠ ಹೇಳುವ ಅಧ್ಯಾಪಕರು ಅದರ ಜೊತೆಗೆ ಬೆಳಗೊಳದ ಆ ಎರಡು ಶಾಸನಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ರಸಕ್ಕೆ ಕೊರತೆಯಾಗದು, ಸತ್ಯಕ್ಕೂ ಎಡೆಯಾದೀತು.

ಅಷ್ಟೇ ಅಲ್ಲ, ಯಾವ ಕಾದಂಬರಿಯೂ ಕಲ್ಪಿಸಬೇಕಾಗಿಲ್ಲದ ಒಂದು ಸಂಗತಿಯು ಆಗ ಅವರ ಕಣ್ಣಿಗೆ ಬೀಳುವುದು. ಮಗಳ ಸಾವಿನ ಕಾರಣವನ್ನು ಹೇಳದ ಆ ಕಲ್ಲು, ಆ ಸಾವನ್ನು ತಾಳಲಾರದ ತಾಯಿಯ ಒಂದು ತಿಂಗಳ ಉಪವಾಸವನ್ನು ಹೇಳುತ್ತದೆ. ಶಿವಗಂಗೆಯ ಬಂಡೆಯನ್ನು ನೋಡಿ ಬಂದ ಯಾತ್ರಿಕರಲ್ಲಿ ಮಾಚಿಕಬ್ಬೆಯ ಹೆಸರನ್ನು ಬಲ್ಲವರು ಎಷ್ಟು ಮಂದಿ?