ಅಂಗಡಿಯ ಅಕ್ಷರ, ಶಾಲೆಯ ಅಕ್ಷರ

ಇಪ್ಪತ್ತೈದು ವರ್ಷಗಳ ಹಿಂದೆ ಬೈಲಹೊಂಗಲದ ಡಿ.ಟಿ.ಪಿ. ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ಬೆಳಿಗ್ಗೆ ಶಾಲೆಯ ಪ್ರಶ್ನೆಪತ್ರಿಕೆ, ಮಧ್ಯಾಹ್ನ ಲಗ್ನಪತ್ರಿಕೆ, ಸಂಜೆ ಕಿತ್ತೂರು ಉತ್ಸವದ್ದೋ ಸವದತ್ತಿ ಯಲ್ಲಮ್ಮನ ಜಾತ್ರೆಯದೋ ಕರಪತ್ರ ಸಿದ್ಧವಾಗುತ್ತಿದ್ದವು. ನಮ್ಮ ಮೊದಲ ಕತೆಗಳೂ ಅಲ್ಲಿಯೇ ಟೈಪಾದವು. ತಂತ್ರಾಂಶಕ್ಕೂ ಒಂದು ಕರಾರುಪತ್ರವಿರುತ್ತದೆಂದು ಅಂಗಡಿಯವರಾಗಲಿ ನಾವಾಗಲಿ ಯೋಚಿಸಿರಲಿಲ್ಲ.

ಕನ್ನಡದ ಮಟ್ಟಿಗೆ ನಾವು ಪುಣ್ಯವಂತರು. ಕೆ.ಪಿ. ರಾವ್ ತಮ್ಮ ‘ಸೇಡಿಯಾಪು’ ತಂತ್ರಾಂಶವನ್ನು ಹಣ ಪಡೆಯದೆ ಹಂಚಿದರು. ಇಂದು ನಾವು ಒತ್ತುವ ಕೀಲಿಮಣೆಯ ವಿನ್ಯಾಸದ ಬೇರು ಅವರದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಉಚಿತವಾಗಿ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರಕಾರವೇ ಹಂಚಿತು. ಉರ್ದುವಿಗೆ ಆ ಭಾಗ್ಯ ತಡವಾಯಿತು. ಮಿರ್ಜಾ ಅಹ್ಮದ್ ಜಮೀಲರು ಕೈಯಿಂದ ಬರೆದ ಸಾವಿರಾರು ಅಕ್ಷರಜೋಡಣೆಗಳಿಂದ 1981ರಲ್ಲಿ ಮೋನೊಟೈಪ್ ಕಂಪನಿ ನೂರಿ ನಸ್ತಾಲೀಕ್ ಲಿಪಿಯನ್ನು ಹೊರತಂದಿತು. ಅದನ್ನು ಮೇಜಿನ ಕಂಪ್ಯೂಟರಿಗೆ ತಂದ ‘ಇನ್‌ಪೇಜ್’ ಬೆಲೆ ತೆತ್ತು ಕೊಳ್ಳುವ ಸರಕು. ಕಾತಿಬರ ಲೇಖನಿಗೆ ಮಾತ್ರ ಯಾರೂ ಬೀಗ ಹಾಕಿರಲಿಲ್ಲ!

ಇವೆರಡರ ನಡುವೆ ಇನ್ನೊಂದು ಬಗೆಯಿದೆ: ‘ಶಿಕ್ಷಣಕ್ಕೆ, ವಾಣಿಜ್ಯೇತರ ಬಳಕೆಗೆ ಮಾತ್ರ’. ಮೈಕ್ರೋಸಾಫ್ಟಿನ ಆಫೀಸ್ 2007ರ ಮನೆ-ವಿದ್ಯಾರ್ಥಿ ಆವೃತ್ತಿಯಲ್ಲಿ ‘ವಾಣಿಜ್ಯೇತರ ಬಳಕೆ’ ಎಂಬ ಮಾತು ಪರದೆಯ ನೆತ್ತಿಯ ಮೇಲೆಯೇ ಇರುತ್ತಿತ್ತು. ದೊಡ್ಡ ಶಹರಗಳಲ್ಲಿ ಈ ಗೆರೆ ಸರಳ. ನಮ್ಮ ತಾಲೂಕುಗಳಲ್ಲಿ? ಪ್ರಶ್ನೆಪತ್ರಿಕೆ ಶಿಕ್ಷಣದ್ದೇ; ಟೈಪು ಮಾಡಿದವನು ಪುಟದ ಲೆಕ್ಕದಲ್ಲಿ ಕೂಲಿ ಪಡೆಯುತ್ತಾನೆ. ಮಾಸ್ತರರು ಮನೆಯಲ್ಲಿ ಮಾಡಿದರೆ ಸರಿ, ಅದೇ ಹಾಳೆಯನ್ನು ಅಂಗಡಿಯವನು ಮಾಡಿದರೆ ತಪ್ಪು. ಇಂಥ ಔದಾರ್ಯ ಬಡ ದುಡಿಮೆಗಾರನನ್ನೇ ಹೊರಗಿಡುತ್ತದೆಂಬುದು ನಮ್ಮ ತಕರಾರು.

2007ರಲ್ಲಿ ಈಗಿನ ರೂಪ ಪಡೆದ ಮುಕ್ತ ಅಕ್ಷರ ಪರವಾನಗಿಯ ದಾರಿ ಬೇರೆ. ಅದರಂತೆ ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ; ಅದರಿಂದ ಅಚ್ಚಾದದ್ದನ್ನು ಮಾರಲು ಅಡ್ಡಿಯಿಲ್ಲ. ಊರ ಬಾವಿಯ ನೀರಿಗೆ ಬೆಲೆಯಿಲ್ಲ, ಆ ನೀರಿನಲ್ಲಿ ಚಹಾ ಕಾಯಿಸಿ ಮಾರುವವನನ್ನು ಯಾರೂ ತಡೆಯುವುದಿಲ್ಲ. ಕನ್ನಡದ ‘ಲೋಹಿತ್’, ಉರ್ದುವಿನ ‘ನೋಟೋ ನಸ್ತಾಲೀಕ್’ ಇಂದು ಈ ಪರವಾನಗಿಯಡಿ ಸಿಗುತ್ತವೆ.

ಮೊನ್ನೆ ರಾಮದುರ್ಗದಲ್ಲಿ ಉರ್ದು-ಕನ್ನಡ ಲಗ್ನಪತ್ರಿಕೆ ಮಾಡಿಸಲು ಹೋದಾಗ ಅಂಗಡಿಯ ಹುಡುಗ ಕೇಳಿದ: “ಇದು ಫ್ರೀ ಐತ್ರಿ ಸರ. ಆದ್ರ ರೊಕ್ಕದ ಕೆಲಸಕ್ಕ ನಡೀತೈತೇನ್ರಿ?” ಫಾಂಟಿನ ಜೊತೆಗೆ ಬಂದಿದ್ದ ಕರಾರುಪತ್ರವನ್ನು ತೆರೆಸಿದೆವು. ಅದೆಲ್ಲ ಇಂಗ್ಲಿಷಿನಲ್ಲಿತ್ತು. ಅವನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆವು.