ಮಕ್ಕಳ ಕೈಗೆ ಪುಸ್ತಕವನ್ನಿತ್ತ ತಾಯಿ

ನಮ್ಮ ಧಾರವಾಡ ಸೀಮೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅರಿಯದವರು ವಿರಳ. ಚೊಚ್ಚಲ ಬಾಣಂತಿಯನ್ನು ಗಂಡನ ಮನೆಗೆ ಕಳುಹುವಾಗ ತವರಿನವರು ಆ ತೊಟ್ಟಿಲನ್ನು ಕೊಡುವದು ಹೆಮ್ಮೆಯ ಸಂಗತಿಯು. ಅದರ ಪಟ್ಟಿಗಳ ಮೇಲೆ ಪುರಾಣಕಥೆಗಳನ್ನು ಚಿತ್ರಿಸಿರುವದರಿಂದ, ಕೂಸು ಕಣ್ಣಿಟ್ಟು ನೋಡುವ ಮೊದಲನೆಯ ಪುಸ್ತಕವು ಅದರ ತೊಟ್ಟಿಲೇ ಎಂದರೆ ತಪ್ಪಾಗದು. ನವಲಗುಂದದ ಜಮಖಾನೆಯೂ ಇದರಂತೆಯೇ ಹೆಸರಾದದ್ದು. ಕೂಸನ್ನು ತೂಗಲು ತೊಟ್ಟಿಲೂ ಕುಳ್ಳಿರಿಸಲು ಜಮಖಾನೆಯೂ ಉಂಟು. ಆದರೆ ಅದೇ ಕೂಸು ಬೆಳೆದು ಅಕ್ಷರ ಕಲಿತ ಮೇಲೆ ಅದರ ಕೈಗೆ ಕೊಡತಕ್ಕ ಪುಸ್ತಕವೆಲ್ಲಿ? ಈ ಪ್ರಶ್ನೆಯನ್ನು ಕೇಳಿಕೊಂಡು, ಅದಕ್ಕೆ ತಮ್ಮ ಬಾಳನ್ನೇ ಉತ್ತರವಾಗಿ ಇತ್ತವರಲ್ಲಿ ಬೆಂಗಳೂರಿನ ದಿವಂಗತ ಆರ್. ಕಲ್ಯಾಣಮ್ಮನವರು ಅಗ್ರಗಣ್ಯರು. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಆ ತಾಯಿಯನ್ನು ನೆನೆಯುವದು ಉಚಿತವೆಂದು ನಾವು ಭಾವಿಸುತ್ತೇವೆ.

ವಿದ್ಯೆಯು ಈ ನೆಲಕ್ಕೆ ಹೊಸದಲ್ಲ. ಆದಿಕವಿ ಪಂಪನ ತಾಯಿಯಾದ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮನಾದ ಜಿನವಲ್ಲಭನ ಕುರ್ಕ್ಯಾಲ ಶಾಸನವು ಸಾರುತ್ತದೆ. ಕವಿಯ ತಾಯಿಗೆ ತವರಾದ ಊರು ಕವಿಗೂ ತವರಲ್ಲವೇ! ಆ ಬಳಿಕ 12ನೆಯ ಶತಮಾನದಲ್ಲಿ ಮೂವತ್ತಕ್ಕೂ ಮೇಲ್ಪಟ್ಟು ಶರಣೆಯರು ವಚನಗಳನ್ನು ರಚಿಸಿದರು. ಹೆಂಗಸರು ಅನುಭಾವವನ್ನು ಅಕ್ಷರಕ್ಕಿಳಿಸಿದ ಆ ಸಂಪತ್ತು ಮಠಮಾನ್ಯಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಯೋಲೆಯ ಕಟ್ಟುಗಳಲ್ಲಿ ಅಡಗಿದ್ದಿತು. 1880ರಲ್ಲಿ ಧಾರವಾಡದಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಓಲೆಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಗ್ರಂಥವನ್ನು ಕಾಯುವದೂ ಒಂದು ಕಾಯಕವೇ ಎಂಬುದನ್ನು ಅವರ ಚರಿತ್ರೆಯಿಂದ ನಾವು ಕಲಿಯುತ್ತೇವೆ.

ಆದರೆ ಇವೆಲ್ಲವೂ ಹಿರಿಯರ ಗ್ರಂಥಗಳಾದವು. ಮಕ್ಕಳ ಸಂಗತಿ ಬೇರೆ. 1830ರ ಸುಮಾರಿಗೆ ವಾಲ್ಟರ್ ಇಲಿಯಟ್ ಸಾಹೇಬನು ಧಾರವಾಡದಲ್ಲಿ ತನ್ನ ಸ್ವಂತ ಖರ್ಚಿನಿಂದ ಕನ್ನಡ ಶಾಲೆಯೊಂದನ್ನು ತೆರೆದನು. ಮರಾಠಿಯು ಮೆರೆಯುತ್ತಿದ್ದ ಆ ಕಾಲದ ಮುಂದಿನ ದಶಕಗಳಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಹಳ್ಳಿಹಳ್ಳಿಗೆ ಕನ್ನಡ ಶಾಲೆಗಳನ್ನು ತಂದರು. 1890ರ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿ, ಕನ್ನಡ ಗ್ರಂಥಗಳ ಪ್ರಕಟನೆಗೆ ಬೆಂಬಲ ದೊರೆಯಿತು. ಇಷ್ಟಾದರೂ ಮಗುವಿಗೆ ದೊರೆಯುತ್ತಿದ್ದುದು ಪಾಠದ ಪುಸ್ತಕವೊಂದೇ. ಪರೀಕ್ಷೆಯ ಅಂಜಿಕೆಯಿಲ್ಲದೆ, ಬರಿಯ ಸಂತೋಷಕ್ಕಾಗಿ ಓದತಕ್ಕ ಪುಸ್ತಕವೂ, ಅದನ್ನು ಕೂತು ಓದತಕ್ಕ ಸ್ಥಳವೂ ಮಕ್ಕಳ ಪಾಲಿಗೆ ಅಪೂರ್ವವಾಗಿದ್ದವು.

ಕಲ್ಯಾಣಮ್ಮನವರಿಗೆ ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯದಲ್ಲಿಯೇ ವೈಧವ್ಯವು ಪ್ರಾಪ್ತವಾಯಿತು. ಅಂದಿನ ಸಮಾಜದಲ್ಲಿ ಅಂಥ ಹುಡುಗಿಯ ಅವಸ್ಥೆಯನ್ನು ಹಿರಿಯರಾದ ವಾಚಕರಿಗೆ ವಿವರಿಸಬೇಕಾಗಿಲ್ಲ. ಮೂಲೆಗೆ ಸೇರಬೇಕೆಂದು ಲೋಕವು ವಿಧಿಸಿದ ಆ ಬಾಲೆಯು ಅಕ್ಷರದ ಕೈಹಿಡಿದು ಹೊರಬಂದಳು. ಕಾದಂಬರಿಗಳನ್ನು ಬರೆದರು, ಸ್ತ್ರೀಯರಿಗಾಗಿ 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಅದನ್ನು ಸುಮಾರು ನಾಲ್ಕು ದಶಕಗಳ ಕಾಲ ನಡೆಯಿಸಿದರು. ಪತ್ರಿಕೆ ಹುಟ್ಟುವದು ಸುಲಭ, ಬಾಳುವದು ಕಷ್ಟ. ಹುಟ್ಟಿದ ವರ್ಷವೇ ಅಳಿದ ಕನ್ನಡ ಪತ್ರಿಕೆಗಳೆಷ್ಟೋ! ಅಂಥದರಲ್ಲಿ ಒಬ್ಬ ಹೆಂಗಸು ಇಷ್ಟು ದೀರ್ಘಕಾಲ ಸಂಪಾದಕತ್ವದ ಭಾರವನ್ನು ಹೊತ್ತದ್ದು ಸಾಮಾನ್ಯವಾದ ಮಾತಲ್ಲ.

1938ರಲ್ಲಿ ಅವರು ಮಕ್ಕಳ ಕೂಟವನ್ನು ಸ್ಥಾಪಿಸಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆ ಹೆಸರು ಇಂದಿಗೂ ಜನರ ನಾಲಿಗೆಯ ಮೇಲಿರುವದು. ತಮಗೆ ಹೊಟ್ಟೆಯ ಮಕ್ಕಳಿಲ್ಲದಿದ್ದರೂ ಊರ ಮಕ್ಕಳಿಗೆಲ್ಲ ಅವರು ತಾಯಿಯಾದರು. ಮಕ್ಕಳಿಗೂ ತಮ್ಮದೆಂದು ಹೇಳಿಕೊಳ್ಳುವ ಒಂದು ಸ್ಥಳವಿರಬೇಕು, ಅಲ್ಲಿ ಆಟದೊಡನೆ ಹಾಡೂ ಕಥೆಯೂ ಓದೂ ಕೂಡಿರಬೇಕು ಎಂಬ ವಿಚಾರವು ಈಗ ಸಹಜವಾಗಿ ತೋರುವದು. ಆದರೆ ಹಿರಿಯರ ಮುಂದೆ ಮಕ್ಕಳು ಬಾಯಿ ತೆರೆಯಬಾರದೆಂಬ ಅಂದಿನ ಕಾಲದಲ್ಲಿ ಅದು ಧೈರ್ಯದ ಕಾರ್ಯವೇ ಸರಿ. ಅವರು ಸಂಬಳದ ಗ್ರಂಥಪಾಲಕರಾಗಿರಲಿಲ್ಲ. ಆದರೂ ಪುಸ್ತಕವನ್ನೂ ಮಗುವನ್ನೂ ಹತ್ತಿರ ತರುವದೇ ಗ್ರಂಥಪಾಲಕರ ಧರ್ಮವಾದರೆ, ಆ ಧರ್ಮವನ್ನು ಅವರಷ್ಟು ನಿಷ್ಠೆಯಿಂದ ಪಾಲಿಸಿದವರು ಕೆಲವರೇ.

ಆಗ ಬೆಂಗಳೂರು ಮೈಸೂರು ಸಂಸ್ಥಾನದಲ್ಲಿಯೂ ನಮ್ಮ ಧಾರವಾಡವು ಮುಂಬಯಿ ಪ್ರಾಂತದಲ್ಲಿಯೂ ಇದ್ದವು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಕಲ್ಯಾಣಮ್ಮನವರು 1965ರಲ್ಲಿ ದಿವಂಗತರಾದರು. ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ನಮ್ಮ ರಾಜ್ಯದಲ್ಲಿ ರಚಿತವಾದದ್ದೂ 1965ರಲ್ಲಿಯೇ! ಪುಸ್ತಕಗಳಿರುವದು ಬಳಕೆಗಾಗಿ, ಬೀಗ ಹಾಕಿಡುವದಕ್ಕಲ್ಲ ಎಂದು ಸಾರಿದ ಎಸ್.ಆರ್. ರಂಗನಾಥನ್ ಅವರು ಬೆಂಗಳೂರಿನಲ್ಲಿಯೇ ನೆಲೆಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಒಬ್ಬ ತಾಯಿಯು ತನ್ನ ಮನೋಬಲದಿಂದ ನಡೆಯಿಸಿದ ಕಾರ್ಯದ ಒಂದು ಭಾಗವು ಹೀಗೆ ಸರಕಾರದ ಹೊಣೆಯೂ ಆಯಿತು.

ಆ ಹೊಣೆಯು ಹಳ್ಳಿಯ ಮಗುವಿನವರೆಗೆ ತಲುಪುವದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. 2019ರಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ ತಿಂಗಳಲ್ಲಿ 'ಓದುವ ಬೆಳಕು' ಎಂಬ ಯೋಜನೆಯು ಆರಂಭವಾಗಿ, 6ರಿಂದ 18 ವರ್ಷದವರೆಗಿನ ಮಕ್ಕಳಿಗೆ ಆ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವವು ದೊರೆಯಿತು. ರಾಜ್ಯದಲ್ಲಿ ಇಂಥ ಗ್ರಂಥಾಲಯಗಳು 5,600ಕ್ಕೂ ಮಿಕ್ಕಿರುವವು. ಇವುಗಳಿಗೆ ಈಗ 'ಅರಿವು ಕೇಂದ್ರ'ವೆಂದು ಹೆಸರು. ಅರಿವನ್ನೇ ಗುರುವೆಂದು ನಂಬಿದ ನಮಗೆ ಈ ಹೆಸರು ಎಷ್ಟು ಆಪ್ತವಾದದ್ದು!

ಆದರೆ ಹೆಸರು ದೊಡ್ಡದಾದ ಮಾತ್ರಕ್ಕೆ ಕಾರ್ಯವು ಸಾಗದು. ಆ ಕೋಣೆಯ ಬೀಗ ತೆಗೆದು, ಕಸ ಗುಡಿಸಿ, ಜಮಖಾನೆ ಹಾಸಿ, ಹಿಂಜರಿಯುವ ಹುಡುಗಿಯನ್ನು ಒಳಗೆ ಕರೆದು, ಅವಳಿಗೊಪ್ಪುವ ಪುಸ್ತಕವನ್ನು ಆರಿಸಿ ಕೊಡುವ ಒಂದು ಜೀವವು ಬೇಕು. ಅಂಥ ಕಾಯಕಕ್ಕೆ ನಿಂತವರಲ್ಲಿ ಹೆಣ್ಣುಮಕ್ಕಳೂ ಬಹು ಮಂದಿ ಇರುವರು. ಅವರಿಗೆ ದೊರೆಯುವ ಸಂಭಾವನೆಯು ಬಹುಕಾಲ ಅತ್ಯಲ್ಪವಾಗಿದ್ದಿತು. ಗುಡಿಯ ಕಳಸಕ್ಕೆ, ತೇರಿನ ಹಗ್ಗಕ್ಕೆ ಉದಾರವಾಗಿ ಕೊಡುವ ನಾವು, ನಮ್ಮ ಮಕ್ಕಳಿಗೆ ಪುಸ್ತಕ ಕೊಡುವ ಆ ತಾಯಿಯ ಯೋಗಕ್ಷೇಮವನ್ನು ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ಸತ್ತ ಮೇಲೆ ಸ್ಮರಿಸುವದಕ್ಕಿಂತ ಬದುಕಿರುವಾಗ ಆದರಿಸುವದು ಮೇಲು. ಕಲ್ಯಾಣಮ್ಮನವರ ಸ್ಮರಣೆಯ ಸಾರ್ಥಕತೆಯೂ ಇದರಲ್ಲಿಯೇ ಇರುವದು.

ಆದುದರಿಂದ ಭಕ್ತಮಹಾಶಯರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ತೊಟ್ಟಿಲು ಕಟ್ಟಿದ ದಿನ, ಆ ಕೂಸಿನ ಹೆಸರಿನಲ್ಲಿ ಊರ ಅರಿವು ಕೇಂದ್ರಕ್ಕೆ ಒಂದು ಪುಸ್ತಕವನ್ನು ಕೊಡಿರಿ. ವಾರಕ್ಕೊಮ್ಮೆ ಮಗುವಿನ ಕೈಹಿಡಿದು ಅಲ್ಲಿಗೆ ಹೋಗಿರಿ. ಅಲ್ಲಿರುವವರಿಗೆ ಶರಣು ಹೇಳಿರಿ. ಅನ್ನದಾಸೋಹವು ಒಂದು ಹೊತ್ತಿನ ಹಸಿವೆಯನ್ನು ಹಿಂಗಿಸುವದು. ಅಕ್ಷರದಾಸೋಹವು ಬಾಳಿನ ಕೊನೆಯವರೆಗೂ ಒದಗುವದು. ಬಾಲ್ಯವನ್ನೇ ಕಳೆದುಕೊಂಡ ಒಬ್ಬ ಹುಡುಗಿಯು ನಾಡಿನ ಮಕ್ಕಳಿಗೆ ಬಾಲ್ಯದ ಸಂತೋಷವನ್ನು ಹಂಚಿದಳು. ಅವಳು ಹಚ್ಚಿದ ದೀಪಕ್ಕೆ ಎಣ್ಣೆಯೆರೆಯುವ ಬುದ್ಧಿಯನ್ನು ಪರಮಾತ್ಮನು ನಮ್ಮೆಲ್ಲರಿಗೂ ದಯಪಾಲಿಸಲಿ.