43 ಸೆಕೆಂಡಿನ ಎಡವಟ್ಟು, 24 ಗಂಟೆಯ ಪರದಾಟ

ಇವತ್ತಿನ ಕಥೆ ಶುರುವಾಗೋದು ಬರೀ 43 ಸೆಕೆಂಡಿನಿಂದ.

2018ರ ಅಕ್ಟೋಬರ್ 21. ಕೋಡ್ ಬರೆಯೋರು ಜಗತ್ತಿನಾದ್ಯಂತ ಬಳಸುವ ಗಿಟ್‌ಹಬ್‌ನಲ್ಲಿ ಒಂದು ಮಾಮೂಲಿ ಕೆಲಸ ನಡೀತಿತ್ತು. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಕೈಕೊಡ್ತಿದ್ದ ಒಂದು ನೆಟ್‌ವರ್ಕ್ ಉಪಕರಣ ಬದಲಿಸಬೇಕಿತ್ತು. ಆಗ ಅಲ್ಲಿನ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ಕಡಿದುಹೋಯ್ತು. 43 ಸೆಕೆಂಡಲ್ಲಿ ವಾಪಸ್ ಬಂತು. ಆದ್ರೆ ಸೇವೆ ಪೂರ್ತಿ ಸರಿಹೋಗೋಕೆ ಹಿಡಿದದ್ದು 24 ಗಂಟೆ 11 ನಿಮಿಷ. ವಿಚಿತ್ರ ಏನು ಗೊತ್ತಾ? ಡೇಟಾಬೇಸ್‌ಗಳ ಉಸ್ತುವಾರಿ ನೋಡ್ತಿದ್ದ ಸಾಫ್ಟ್‌ವೇರ್ ಕೆಟ್ಟಿರಲಿಲ್ಲ. ಅದು ತನಗೆ ಹೇಳಿದ್ದನ್ನೇ ಮಾಡಿತ್ತು.

ಇದು ಅರ್ಥ ಆಗ್ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗೋಣ. ದೊಡ್ಡ ಆ್ಯಪ್‌ಗಳ ಡೇಟಾ ಒಂದೇ ಕಂಪ್ಯೂಟರಲ್ಲಿ ಇರಲ್ಲ. ಹತ್ತಾರು, ನೂರಾರು ಯಂತ್ರಗಳು ಸೇರಿ ಒಂದೇ ಡೇಟಾಬೇಸ್ ಥರ ಕೆಲಸ ಮಾಡ್ತವೆ. ಈ ಗುಂಪಿಗೆ ಕ್ಲಸ್ಟರ್ ಅಂತಾರೆ, ಅದರ ಒಂದೊಂದು ಯಂತ್ರಕ್ಕೆ ನೋಡ್ ಅಂತಾರೆ.

ಒಂದು ಕಂಪ್ಯೂಟರ್ ಆನ್ ಮಾಡೋಕೆ ಒಂದು ಬಟನ್ ಸಾಕು. ಇಡೀ ಗುಂಪನ್ನು ಎಬ್ಬಿಸೋದು ಹೇಗೆ? 2006ರಲ್ಲಿ ಶುರುವಾದ ಹಡೂಪ್ ಹಿಡಿದ ದಾರಿ ಸರಳವಾಗಿತ್ತು. ಒಂದು ಟೆಕ್ಸ್ಟ್ ಫೈಲಲ್ಲಿ ಸಾಲಿಗೊಂದರಂತೆ ಯಂತ್ರಗಳ ಹೆಸರು. ಹಾಜರಿ ಕೂಗೋ ಮೇಷ್ಟ್ರ ಹಾಗೆ ಒಂದು ಸ್ಕ್ರಿಪ್ಟ್ ಆ ಪಟ್ಟಿ ಹಿಡಿದು, ಪ್ರತಿ ಯಂತ್ರಕ್ಕೂ ಲಾಗಿನ್ ಆಗಿ ಸರ್ವಿಸ್ ಶುರು ಮಾಡ್ತಿತ್ತು. ಹಡೂಪ್ ಮೇಲೆ ಓಡುವ ಎಚ್‌ಬೇಸ್ ಡೇಟಾಬೇಸ್‌ಗೆ ಕ್ರಮವೂ ಮುಖ್ಯ. ಫೈಲ್‌ಗಳನ್ನು ಇಡುವ ಸರ್ವಿಸ್ ಮೊದಲು ಏಳಬೇಕು, ಡೇಟಾಬೇಸ್ ಆಮೇಲೆ. ಗಡಿಯಾರಗಳೂ ಹೊಂದಬೇಕು. ಮಾಸ್ಟರ್‌ನ ಸಮಯಕ್ಕೂ ತನ್ನ ಸಮಯಕ್ಕೂ 30 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇರುವ ನೋಡನ್ನು, ನೀವು ಸೆಟ್ಟಿಂಗ್ ಬದಲಿಸದಿದ್ರೆ, ಅದು ಒಳಗೇ ಬಿಟ್ಟುಕೊಳ್ಳಲ್ಲ.

ಎಬ್ಬಿಸೋದು ಅರ್ಧ ಕೆಲಸ ಅಷ್ಟೇ. ಬರೆಯುವ ಅಧಿಕಾರ ಇರುವ ಯಜಮಾನ ನೋಡ್ ನಡುವೆ ಕಾಣೆಯಾದ್ರೆ? ಅದು ಸತ್ತಿದೆಯೋ, ಬರೀ ಮಾತು ಕೇಳಿಸ್ತಿಲ್ಲವೋ, ಉಳಿದವಕ್ಕೆ ಗೊತ್ತಾಗಲ್ಲ. ಆತುರಪಟ್ಟು ಇನ್ನೊಂದನ್ನು ಕೂರಿಸಿದ್ರೆ ಒಂದೇ ಮನೆಗೆ ಇಬ್ಬರು ಯಜಮಾನರು, ಎರಡು ಲೆಕ್ಕದ ಪುಸ್ತಕ.

ಇದಕ್ಕೊಂದು ಉತ್ತರ ಕೊಟ್ಟವರು ಲೆಸ್ಲಿ ಲ್ಯಾಂಪೋರ್ಟ್. 1990ರಲ್ಲಿ ಅವರು ಜರ್ನಲ್ ಒಂದಕ್ಕೆ ಕಳಿಸಿದ ಪ್ರಬಂಧ, ಪ್ಯಾಕ್ಸೋಸ್ ಎಂಬ ಗ್ರೀಕ್ ದ್ವೀಪದ ಕಾಲ್ಪನಿಕ ಸಂಸತ್ತಿನ ಕಥೆಯ ರೂಪದಲ್ಲಿತ್ತು. ಸದಸ್ಯರು ಬರ್ತಾರೆ, ಎದ್ದು ಹೋಗ್ತಾರೆ, ಆದ್ರೂ ಪಾಸಾದ ಕಾನೂನಲ್ಲಿ ಗೊಂದಲ ಇರಬಾರದು. ಅದು ಅಚ್ಚಾಗಿದ್ದು 1998ರಲ್ಲಿ! ತಿರುಳು ಬಹುಮತ. 5 ನೋಡ್‌ಗಳಲ್ಲಿ 3 ಒಪ್ಪಿದ್ರೆ ತೀರ್ಮಾನ. ಯಾವ ಎರಡು ಬಹುಮತ ತಗೊಂಡ್ರೂ ಕನಿಷ್ಠ ಒಂದು ನೋಡ್ ಎರಡರಲ್ಲೂ ಇರುತ್ತೆ, ಹಾಗಾಗಿ ಹಳೆಯ ತೀರ್ಮಾನ ಕಳೆದುಹೋಗಲ್ಲ. ಇಂಥ ನೋಡ್‌ಗಳನ್ನು ಸಾಮಾನ್ಯವಾಗಿ 3, 5 ಅಂತ ಬೆಸ ಸಂಖ್ಯೆಯಲ್ಲಿ ಇಡೋದು ಇದಕ್ಕೇ. 4 ಇಟ್ಟರೂ ಒಂದು ಸತ್ತರಷ್ಟೇ ತಡೆದುಕೊಳ್ಳುತ್ತೆ. ಅಷ್ಟಕ್ಕೆ 3 ಸಾಕಲ್ವಾ?

ಗೂಗಲ್ ಇದೇ ವಿಚಾರದ ಮೇಲೆ ಚಬ್ಬಿ ಅನ್ನೋ ಸರ್ವಿಸ್ ಕಟ್ಟಿ, 2006ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿತು. ಯಾಹೂನಲ್ಲಿ ಝೂಕೀಪರ್ ಹುಟ್ಟಿತು. ಕಾನ್ಫಿಗರೇಷನ್ ಮಾಹಿತಿಯನ್ನು ಹಂಚಿಕೊಳ್ಳೋಕೆ, ಯಾರು ಬದುಕಿದ್ದಾರೆ ಅಂತ ತಿಳಿಯೋಕೆ ಒಂದು ನಂಬಿಕಸ್ಥ ಜಾಗ ಸಿಕ್ಕಿತು. ನೋಡ್ ಎದ್ದ ಕೂಡಲೇ ಅಲ್ಲಿ ಹೆಸರು ಬರೆಸುತ್ತೆ, ಸತ್ತರೆ ಸ್ವಲ್ಪ ಹೊತ್ತಲ್ಲಿ ಹೆಸರು ತಾನಾಗೇ ಅಳಿಸಿಹೋಗುತ್ತೆ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಿಯೆಗೊ ಒಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್, ಪ್ಯಾಕ್ಸೋಸ್‌ಗಿಂತ ಸುಲಭವಾಗಿ ಅರ್ಥವಾಗಬೇಕು ಅನ್ನೋ ಗುರಿಯಿಟ್ಟು ಮಾಡಿದ ರಾಫ್ಟ್ ಬಗ್ಗೆ ಪ್ರಬಂಧ ಪ್ರಕಟಿಸಿದರು.

ಈಗ ಗಿಟ್‌ಹಬ್‌ಗೆ ಬನ್ನಿ. ಅಲ್ಲಿನ ಮೈಎಸ್‌ಕ್ಯುಎಲ್ ಕ್ಲಸ್ಟರ್‌ಗಳನ್ನು ನೋಡಿಕೊಳ್ತಿದ್ದ ಆರ್ಕೆಸ್ಟ್ರೇಟರ್ ರಾಫ್ಟ್ ಬಳಸ್ತಿತ್ತು. ಪೂರ್ವದ ಡೇಟಾ ಸೆಂಟರ್ ಕಾಣದಾದಾಗ, ಆರ್ಕೆಸ್ಟ್ರೇಟರ್‌ನ ಪಶ್ಚಿಮ ಕರಾವಳಿಯ ನೋಡ್‌ಗಳೂ ಪೂರ್ವದ ಕ್ಲೌಡ್‌ನಲ್ಲಿದ್ದ ನೋಡ್‌ಗಳೂ ಬಹುಮತ ಸೇರಿಸಿ ಯಜಮಾನಿಕೆಯನ್ನು ಪಶ್ಚಿಮಕ್ಕೆ ಕೊಟ್ಟುಬಿಟ್ಟವು. ಲೆಕ್ಕ ಸರಿ. ಆದ್ರೆ ಪೂರ್ವದಲ್ಲಿ ಬರೆದಾಗಿದ್ದ ಕೆಲವು ಸೆಕೆಂಡಿನ ಡೇಟಾ ಪಶ್ಚಿಮಕ್ಕೆ ತಲುಪಿರಲಿಲ್ಲ. ತುಂಬಾ ಬ್ಯುಸಿ ಇದ್ದ ಒಂದು ಕ್ಲಸ್ಟರಲ್ಲೇ ಹೀಗೆ ಸಿಕ್ಕಿಬಿದ್ದ ಬರಹಗಳು 954. ಅತ್ತ ಪಶ್ಚಿಮದಲ್ಲಿ ಹೊಸದಾಗಿ ಬರೆಯೋದು ಶುರುವಾಗಿತ್ತು. ಹಿಂದಕ್ಕೆ ಹೋದ್ರೆ ಹೊಸದು ಹೋಗುತ್ತೆ, ಹಾಗೇ ಬಿಟ್ರೆ ಪೂರ್ವದ ಆ್ಯಪ್‌ಗಳು ಪ್ರತಿ ಸಲ ಇಡೀ ದೇಶ ದಾಟಿ ಹೋಗಿ ಬರಬೇಕು. ಸೈಟ್ ಬೇಗ ಎಬ್ಬಿಸೋದಾ, ಜನರ ಡೇಟಾ ಉಳಿಸೋದಾ? ಅವರು ಡೇಟಾ ಆರಿಸಿಕೊಂಡರು. ಗಂಟೆಗಟ್ಟಲೆ ಬ್ಯಾಕಪ್‌ನಿಂದ ಮರಳಿ ಕಟ್ಟಿದರು.

ಆಮೇಲೆ ಅವರು ಪ್ರಕಟಿಸಿದ ಬದಲಾವಣೆಗಳಲ್ಲಿ ಒಂದು ಏನು ಗೊತ್ತಾ? ಪ್ರದೇಶದ ಗಡಿ ದಾಟಿ ಯಜಮಾನಿಕೆ ಕೊಡದ ಹಾಗೆ ಆರ್ಕೆಸ್ಟ್ರೇಟರ್‌ನ ಕಾನ್ಫಿಗರೇಷನ್ ತಿದ್ದೋದು.

ಯಜಮಾನ ಯಾರು ಅಂತ ಒಮ್ಮತಕ್ಕೆ ಬರೋದನ್ನು ಯಂತ್ರಗಳಿಗೆ ಕಲಿಸೋಕೆ ದಶಕಗಳೇ ಹಿಡಿದವು. ಯಜಮಾನ ಎಲ್ಲಿರಬಾರದು ಅನ್ನೋದನ್ನು ಮಾತ್ರ ಈಗಲೂ ಮನುಷ್ಯರೇ, ಮೊದಲೇ ಯೋಚಿಸಿ, ಬರೆದಿಡಬೇಕು.